ಜೇಷ್ಠಮಧು ಮತ್ತು ಮೈಕಣ್ಣನ ಕೆಮ್ಮು

ನನ್ನ ಮುಖ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅದರಿಂದ ಊರಿಗೇನೂ ನಷ್ಟವಾಗಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ನನ್ನ ದನಿ ಗೊತ್ತಿಲ್ಲದವರು ಕಡಿಮೆ. ನಾನು ಬಸ್ ನಿಲ್ದಾಣದ ಮೈಕಿನವನು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ, ಯಾರ ಪರ್ಸು ಬಿದ್ದಿದೆ, ಯಾರ ಮಗು ಅಳುತ್ತಾ ನಿಂತಿದೆ ಎಂದು ಕೂಗಿ ಹೇಳುವ ಕೆಲಸ. ಡ್ರೈವರು ಕಂಡಕ್ಟರುಗಳೆಲ್ಲ ನನ್ನನ್ನು ಮೈಕಣ್ಣ ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಅದೇ ನನಗೆ ಒಗ್ಗಿಹೋಯಿತು.

ಒಮ್ಮೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, "ದಯವಿಟ್ಟು ಸ್ವಲ್ಪ ಮುಂದಕ್ಕೆ ಹೋಗಿ" ಅಂದೆ. ನನ್ನ ಮುಂದಿದ್ದ ಮುದುಕರೊಬ್ಬರು ಗಾಬರಿಯಿಂದ ಕೈಚೀಲ ಎತ್ತಿಕೊಂಡು, "ಯಾವ ಪ್ಲಾಟ್‌ಫಾರಂ?" ಎಂದು ಕೇಳಿದರು. ಆ ಸಂಜೆ ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೆಂಡತಿಗೆ ಈ ಕಥೆಯನ್ನು ಹೇಳಿದೆ. ಊಟಕ್ಕೆ ಕೂತಾಗ ಮತ್ತೆ ಹೇಳಿದೆ.

"ಒಂದ್ಸಲ ಹೇಳಿದ್ರೆ ಸಾಕು ರೀ," ಅಂದಳು ಅವಳು. "ಇಲ್ಲಿ ಯಾರೂ ಬಸ್ ತಪ್ಪಿಸ್ಕೊಳ್ಳಲ್ಲ."

ಅದೊಂದು ಚಟ. ಮೈಕಿನಲ್ಲಿ ಎಲ್ಲವನ್ನೂ ಎರಡು ಸಲ ಹೇಳಬೇಕು ಎಂಬುದು ನಿಯಮ. ಆ ನಿಯಮ ನನ್ನ ಜೊತೆ ಮನೆಗೂ ಬಂದುಬಿಟ್ಟಿದೆ. ಉಪ್ಪು ಕೊಡು, ಉಪ್ಪು ಕೊಡು. ಬಾಗಿಲು ಹಾಕು, ಬಾಗಿಲು ಹಾಕು. ಮದುವೆಗೆ ಮುಂಚೆ ಅವಳನ್ನು ಒಪ್ಪಿಗೆಯೇ ಎಂದು ನಾನು ಎರಡು ಸಲ ಕೇಳಿದ್ದೆನಂತೆ. ಎಷ್ಟು ಪ್ರೀತಿ ಈ ಮನುಷ್ಯನಿಗೆ ಎಂದು ಅವಳು ಅಂದುಕೊಂಡಿದ್ದಳಂತೆ. ಪಾಪ.

ನನ್ನ ಕೋಣೆ ಮೂರನೇ ಪ್ಲಾಟ್‌ಫಾರಂನ ಮೇಲಿತ್ತು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಗೂಡು, ಅದರೊಳಗೆ ಒಂದು ಕುರ್ಚಿ, ಒಂದು ಮೈಕು, ನನ್ನಷ್ಟೇ ವಯಸ್ಸಾದ ಒಂದು ಡಬ್ಬದಂಥ ಯಂತ್ರ. ಕೆಳಗೆ ನಿಂತ ಬಸ್ಸುಗಳ ಹೊಗೆಯೆಲ್ಲ ನೆಟ್ಟಗೆ ನನ್ನ ಕಿಟಕಿಗೇ ಬರುತ್ತಿತ್ತು. ಹಾಗಾಗಿ ನನ್ನ ಗಂಟಲಿನಲ್ಲಿ ಯಾವಾಗಲೂ ಏನೋ ಕೂತಿರುತ್ತಿತ್ತು. ಜೊತೆಗೆ ಆ ಹಳೇ ಯಂತ್ರಕ್ಕೊಂದು ರೋಗ. ಸ್ವಿಚ್ಚು ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ದನಿ ಹೊರಡಲು ಮಾತ್ರ ಸ್ವಲ್ಪ ಹೊತ್ತು ಬೇಕಿತ್ತು. ಹೊರಟಿತೋ ಇಲ್ಲವೋ ಎಂದು ತಿಳಿಯಲು ನಾನು ಸ್ವಿಚ್ಚು ಒತ್ತಿ ಒಮ್ಮೆ ಕೆಮ್ಮುತ್ತಿದ್ದೆ. "ಖ್ಹ... ಖ್ಹೂಂ." ಕೆಮ್ಮು ಹೊರಗಿನ ಸ್ಪೀಕರಿನಿಂದ ನನಗೇ ವಾಪಸ್ ಕೇಳಿಸಿದರೆ ಮಾತು ಶುರು. "ಹಳೇ ಸೇತುವೆ ಮಾರ್ಗವಾಗಿ ಬಂದರಿಗೆ ಹೊರಡುವ ಬಸ್ಸು ಮೂರನೇ ಪ್ಲಾಟ್‌ಫಾರಂನಲ್ಲಿ ನಿಂತಿದೆ..." ಹೀಗೆ.

ಕೊನೆಯ ಬಸ್ಸಿಗೆ ಮಾತ್ರ ನನ್ನದೊಂದು ಸಾಲು ಸೇರಿಸುತ್ತಿದ್ದೆ. "ಇದು ಈ ದಿನದ ಕೊನೆಯ ಬಸ್ಸು. ಪಕ್ಕದಲ್ಲಿ ಯಾರಾದರೂ ನಿದ್ದೆ ಮಾಡುತ್ತಿದ್ದರೆ ದಯವಿಟ್ಟು ಎಬ್ಬಿಸಿ." ಇದನ್ನು ಹೇಳು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಮೇಲಿನವರು ಕೊನೆಯ ಬಸ್ಸಿನ ಹೊತ್ತಿಗೆ ನಿಲ್ದಾಣದಲ್ಲಿ ಇರುವುದಿಲ್ಲವಲ್ಲ.

ಹೀಗೆ ಸುಖವಾಗಿ ಕೆಮ್ಮಿಕೊಂಡಿದ್ದವನನ್ನು ಒಂದು ದಿನ ಮ್ಯಾನೇಜರು ಕರೆಸಿದರು.

"ಮೈಕಣ್ಣ, ಹೊಸ ಯಂತ್ರ ಬರ್ತಿದೆ. ಎಲ್ಲಾ ಬಸ್ಸಿನ ವಿಷಯನೂ ಒಂದ್ಸಲ ಮಾತಾಡಿ ಅದ್ರೊಳಗೆ ತುಂಬಿಸಿಟ್ರೆ ಆಯ್ತು. ಹೊತ್ತಿಗೆ ಸರಿಯಾಗಿ ಅದೇ ಹೇಳ್ಕೊಳ್ಳುತ್ತೆ."

"ಹಾಗಾದ್ರೆ ನಾನು ಸಾರ್?"

"ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಮರೆತ ಸಾಮಾನಿನ ಕೋಣೆ ನೋಡ್ಕೊಳ್ಳಿ. ಅಲ್ಲಿ ಫ್ಯಾನ್ ಬೇರೆ ಇದೆ."

"ತುಂಬಿಸೋ ದನಿ ಯಾರದು ಸಾರ್?"

ಮ್ಯಾನೇಜರು ಪೆನ್ನಿನಿಂದ ಕಿವಿ ಕೆರೆದುಕೊಂಡರು. "ನಿಮ್ಮದೂ ನೋಡ್ತೀವಿ, ಪಾಸಕ್ಕಂದೂ ನೋಡ್ತೀವಿ. ರೆಕಾರ್ಡಿಂಗಿನವರು ಮುಂದಿನ ತಿಂಗಳು ಬರ್ತಾರೆ. ನಿಮ್ಮ ದನಿ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಆ ಕೆಮ್ಮು ಇದೆಯಲ್ಲ, ಅದನ್ನ ಕೇಳಿದ್ರೆ ಮೇಲಿನವರು ನನ್ನ ಸುಮ್ನೆ ಬಿಡಲ್ಲ."

ಪಾಸಕ್ಕ ಅಂದರೆ ಕೆಳಗೆ ತಿಂಗಳ ಪಾಸು ಕೊಡುವ ಹೆಂಗಸು. ಅವಳು "ಚಿಲ್ಲರೆ ಇದೆಯಾ?" ಎಂದು ಕೇಳಿದರೆ ಇಲ್ಲದವರೂ ಪಕ್ಕದ ಅಂಗಡಿಗೆ ಓಡಿ ತಂದುಕೊಡುತ್ತಾರೆ, ಅಂಥ ದನಿ. ಎದುರಾಳಿ ಸಾಮಾನ್ಯದವಳಲ್ಲ ಎಂದು ನನಗೆ ಗೊತ್ತಿತ್ತು.

ಮರೆತ ಸಾಮಾನಿನ ಕೋಣೆಗೆ ಹೋಗಲು ನನಗೇನೂ ಬೇಸರವಿರಲಿಲ್ಲ. ಆದರೆ ಆ ಯಂತ್ರದೊಳಗೆ ನನ್ನ ದನಿಯೇ ಇರಬೇಕು ಎಂಬ ಆಸೆ ಆ ಕ್ಷಣದಲ್ಲೇ ಹುಟ್ಟಿ, ಮೆಟ್ಟಿಲಿಳಿಯುವಷ್ಟರಲ್ಲಿ ಬೆಳೆದು ದೊಡ್ಡದಾಯಿತು. ನಿವೃತ್ತಿಯಾದ ಮೇಲೆ ನಾನು ಇದೇ ನಿಲ್ದಾಣದ ಬೆಂಚಿನ ಮೇಲೆ ಕೂತು ನನ್ನನ್ನು ನಾನೇ ಕೇಳಿಸಿಕೊಳ್ಳಬೇಕು. ನಾನು ಸತ್ತ ಮೇಲೂ ಬಂದರಿನ ಬಸ್ಸು ನನ್ನ ಮಾತು ಕೇಳಿಯೇ ಹೊರಡಬೇಕು. ಅಷ್ಟು ಸಣ್ಣ ಗೂಡಿನಲ್ಲಿ ಕೂತವನಿಗೆ ಅಷ್ಟು ದೊಡ್ಡ ಆಸೆ ಹೇಗೆ ಬಂತೋ ನಾ ಕಾಣೆ. ಒಟ್ಟಿನಲ್ಲಿ ಕೆಮ್ಮು ಹೋಗಬೇಕಿತ್ತು.

ನಮ್ಮ ಮನೆಯಲ್ಲಿ ರೋಗಕ್ಕೆಲ್ಲ ಅತ್ತೆಯೇ ದಿಕ್ಕು. ನನ್ನ ಹೆಂಡತಿಯ ತಾಯಿ. ನಮ್ಮ ಜೊತೆಗೇ ಇದ್ದಾರೆ. ಅವರ ತಂದೆಗೆ ಗಿಡಮೂಲಿಕೆಯ ಅಂಗಡಿಯಿತ್ತಂತೆ. ಅಂಗಡಿ ಹೋಗಿ ಕಾಲವಾಯಿತು, ಅದರ ಸಾರವೆಲ್ಲ ಅತ್ತೆಯ ಒಂದು ತಗಡಿನ ಡಬ್ಬಿಯಲ್ಲಿ ಉಳಿದಿದೆ. ಮುಚ್ಚಳ ತೆಗೆದರೆ ಬೇರು, ತೊಗಟೆ, ಕಾಯಿ ಎಲ್ಲದರ ವಾಸನೆಯೂ ಒಟ್ಟಿಗೇ ಮೂಗಿಗೆ ಬರುತ್ತದೆ. ಅತ್ತೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ. ಬೈಯುವುದೂ ಬಹುವಚನದಲ್ಲೇ.

ಡಬ್ಬಿಯಿಂದ ಅವರು ಒಂದು ಒಣಗಿದ ಬೇರಿನ ಕಡ್ಡಿ ತೆಗೆದರು.

"ಇದು ಜೇಷ್ಠಮಧು. ಅತಿಮಧುರ ಅಂತಲೂ ಅಂತಾರೆ. ಹೊರಗೆ ಕಂದು ಇದ್ರೂ ಮುರಿದ್ರೆ ಒಳಗೆ ಹಳದಿ ಇರ್ಬೇಕು, ನೋಡಿ. ಒಣ ಕೆಮ್ಮಿಗೆ, ಕಟ್ಟಿದ ಗಂಟಲಿಗೆ, ಬಾಯಿ ಹುಣ್ಣಿಗೆ, ಹೊಟ್ಟೆ ಉರಿಗೆ ಒಳ್ಳೇದು. ಬೆರಳ ಗೆಣ್ಣಿನಷ್ಟು ತುಂಡು ಬಾಯಲ್ಲಿಟ್ಕೊಂಡು ನಿಧಾನಕ್ಕೆ ಅಗೀರಿ. ರಸ ನುಂಗಿ, ನಾರು ಉಗೀರಿ. ದಿನಕ್ಕೆ ಒಂದೇ ತುಂಡು. ಕೆಮ್ಮು ನಿಂತ ಮೇಲೆ ಇದನ್ನೂ ನಿಲ್ಲಿಸ್ಬೇಕು."

ಬಾಯಿಗಿಟ್ಟೆ. ಮೊದಲು ಕಟ್ಟಿಗೆ ಚೂರಿನಂತಿತ್ತು. ಅಗಿಯುತ್ತಾ ಹೋದಂತೆ ಸಿಹಿ ಬಿಟ್ಟಿತು. ಸಕ್ಕರೆಯ ಸಿಹಿಯಲ್ಲ, ನುಂಗಿದ ಮೇಲೂ ಗಂಟಲಿನಲ್ಲೇ ಕೂತಿರುವ ಸಿಹಿ. ಹೊಗೆ ಹಿಡಿದ ನನ್ನ ಗಂಟಲಿಗೆ ಯಾರೋ ಎಣ್ಣೆ ಸವರಿದಂತಾಯಿತು.

"ಇಷ್ಟು ರುಚಿಯಾಗಿದೆ, ಜಾಸ್ತಿ ತಿಂದ್ರೇನತ್ತೆ?"

"ಸಿಹಿಯಾಗಿದೆ ಅಂತ ತಿಂಡಿ ಅಂದ್ಕೋಬೇಡಿ ಅಳಿಯಂದ್ರೆ. ಜಾಸ್ತಿಯಾದ್ರೆ ಮೈಯಲ್ಲಿ ನೀರು ನಿಲ್ಲುತ್ತೆ. ರಕ್ತದೊತ್ತಡ ಏರುತ್ತೆ."

ನಾನು ಕೇಳಿಸಿಕೊಂಡೆ. ಊರಿಗೆಲ್ಲ ಕೇಳಿಸುವುದು ನನ್ನ ಕಸುಬು, ಕೇಳಿಸಿಕೊಳ್ಳುವುದು ಅಲ್ಲ. ದಿನಕ್ಕೆ ಒಂದು ತುಂಡಿನಿಂದ ಇಷ್ಟು ಗುಣವಾದರೆ ನಾಲ್ಕು ತುಂಡಿನಿಂದ ಎಷ್ಟಾಗಬಹುದು ಎಂದು ಲೆಕ್ಕ ಹಾಕಿದೆ. ಮಾರುಕಟ್ಟೆಗೆ ಹೋಗಿ ಒಂದು ಕಟ್ಟು ತಂದು ಗೂಡಿನ ಡ್ರಾಯರಿನಲ್ಲಿಟ್ಟೆ. ಬೆಳಿಗ್ಗೆ ಕಡ್ಡಿ, ಮಧ್ಯಾಹ್ನ ಜೇನಿನಲ್ಲಿ ಕಲಸಿದ ಪುಡಿ, ಫ್ಲಾಸ್ಕಿನ ತುಂಬ ಕಷಾಯ. ನೀರಿನ ಬದಲು ಅದೇ. ಉಳಿದದ್ದರಲ್ಲಿ ಬಾಯಿ ಮುಕ್ಕಳಿಸುವುದು. ಯಾವಾಗಲೂ ಬಾಯಲ್ಲಿ ಕಡ್ಡಿ ಇಟ್ಟುಕೊಂಡು ಮೆಟ್ಟಿಲಿಳಿಯುವ ನನ್ನನ್ನು ನೋಡಿ ಕಂಡಕ್ಟರೊಬ್ಬ, "ಇನ್ನೂ ಹಲ್ಲುಜ್ಜಿ ಮುಗಿದಿಲ್ವಾ ಮೈಕಣ್ಣ?" ಎಂದು ಕೇಳಿದ. ಕಲಾವಿದನ ಕಷ್ಟ ಅವನಿಗೇನು ಗೊತ್ತು ಎಂದು ಇನ್ನೊಂದು ತುಂಡು ಬಾಯಿಗಿಟ್ಟುಕೊಂಡೆ.

ಒಂದೇ ವಾರದಲ್ಲಿ ಕೆಮ್ಮು ಮಾಯ. ಸ್ವಿಚ್ಚು ಒತ್ತಿ ಗಂಟಲು ಸರಿಮಾಡಲು ಹೋದರೆ ಅಲ್ಲಿ ಸರಿಮಾಡಲು ಏನೂ ಇರಲಿಲ್ಲ. ಮಾತು ತಾನಾಗಿ ಜಾರಿ ಬರುತ್ತಿತ್ತು. ಬಂದರಿಗೆ ಹೊರಡುವ ಬಸ್ಸು ಎಂದು ಹೇಳುವಾಗ ನನಗೇ ಆ ಬಸ್ಸು ಹತ್ತಿ ಹೋಗಿಬಿಡೋಣ ಅನಿಸುತ್ತಿತ್ತು.

ಹತ್ತಬೇಕಾದವರು ಮಾತ್ರ ಹತ್ತಲಿಲ್ಲ.

ಬಂದರಿನ ಬಸ್ಸು ಅರ್ಧ ಖಾಲಿ ಹೊರಟಿತು. ಅದು ಗೇಟು ದಾಟುತ್ತಿದ್ದಂತೆ ಬೆಂಚುಗಳ ಮೇಲೆ ಕೂತಿದ್ದವರೆಲ್ಲ ಎದ್ದು ಓಡಿದರು. ಸಿಗಲಿಲ್ಲ. ವಾಪಸ್ ಬಂದು ನನ್ನ ಕಿಟಕಿಯ ಕೆಳಗೆ ನಿಂತರು.

"ಏನ್ರೀ, ಹೇಳ್ಬಾರ್ದಾ ಬಸ್ ಹೊರಡುತ್ತೆ ಅಂತ?"

"ಹೇಳಿದ್ನಲ್ಲ! ಎರಡು ಸಲ ಹೇಳ್ದೆ!"

"ಯಾರಿಗೆ ಹೇಳಿದ್ರಿ? ನಿಮ್ಮ ಮನೆಯವರಿಗಾ?"

ಮಾರನೆಯ ದಿನ ಒಂದು ಬಸ್ಸು ಹೊರಡಲೇ ಇಲ್ಲ, ಏಕೆಂದರೆ ಡ್ರೈವರು ಟೀ ಅಂಗಡಿಯಲ್ಲಿ ಕೂತಿದ್ದ. ನಾನು ಇಳಿದುಹೋಗಿ ದಬಾಯಿಸಿದೆ.

"ಎಷ್ಟು ಚೆನ್ನಾಗಿ ಹೇಳ್ದೆ, ಕೇಳಿಸ್ಲಿಲ್ವೇನಯ್ಯಾ?"

"ಏನೋ ಹಾಡು ಬರ್ತಿದೆ ಅಂದ್ಕೊಂಡೆ ಮೈಕಣ್ಣ," ಅಂದ ಅವನು. "ನೀನು ಕೆಮ್ಮಲೇ ಇಲ್ವಲ್ಲ. ನೀನು ಕೆಮ್ಮಿದ್ರೆ ನಾವು ಲೋಟ ಕೆಳಗಿಡೋದು. ಕೆಮ್ಮು ಬಂದ ಮೇಲೆ ತಾನೆ ಜನ ಕಿವಿ ಕೊಡೋದು?"

ಟೀ ಅಂಗಡಿಯವನು ಹೌದೆಂದು ತಲೆಯಾಡಿಸಿದ. ಪಕ್ಕದಲ್ಲಿದ್ದ ಕಂಡಕ್ಟರೂ ತಲೆಯಾಡಿಸಿದ. ಯಾವುದಕ್ಕೂ ಒಂದಾಗದ ಜನ ಅವರು.

ನಾನು ಇಂಗು ತಿಂದ ಮಂಗನ ಹಾಗೆ ಗೂಡಿಗೆ ವಾಪಸ್ ಬಂದೆ. ಇಷ್ಟು ವರ್ಷ ಊರು ತಲೆಯೆತ್ತಿ ಕೇಳಿದ್ದು ನನ್ನ ದನಿಯನ್ನಲ್ಲ, ಕೆಮ್ಮನ್ನು. ಅವಮಾನವಾಯಿತು. ಬುದ್ಧಿ ಇದ್ದವನು ಅಲ್ಲಿಗೆ ಆ ಬೇರನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದ. ನಾನು ಕಷಾಯವನ್ನು ಇನ್ನೂ ಗಟ್ಟಿ ಮಾಡಿದೆ. ದನಿ ಇನ್ನೂ ನಯವಾಗಲಿ, ಹೇಗೆ ಕೇಳುವುದಿಲ್ಲವೋ ನೋಡೇಬಿಡುತ್ತೇನೆ ಎಂದು ಹಟ ಹಿಡಿದೆ.

ಈ ಹಟಕ್ಕೆ ಮೊದಲು ಉತ್ತರ ಕೊಟ್ಟಿದ್ದು ನನ್ನ ಕಾಲು. ಬೆಳಿಗ್ಗೆ ಹಾಕಿಕೊಂಡ ಶೂ ಸಂಜೆ ಬಿಚ್ಚಲು ಬರುತ್ತಿರಲಿಲ್ಲ. ಕಾಲುಚೀಲ ತೆಗೆದರೆ ಅದರ ಅಚ್ಚು ಕಾಲಿನ ಮೇಲೆ ಹಾಗೇ ಕೂತಿರುತ್ತಿತ್ತು. ತಲೆ ಭಾರ, ಮೆಟ್ಟಿಲು ಹತ್ತಿದರೆ ಏದುಸಿರು.

"ನಿಮ್ಮ ಕಾಲ್ಯಾಕ್ರೀ ದಿಂಬಿನ ಹಾಗಾಗಿದೆ?" ಎಂದು ಹೆಂಡತಿ ಕೇಳಿದಳು.

"ವಯಸ್ಸಾಯ್ತಲ್ಲ."

"ಹೋದ ವಾರ ಆಗಿರ್ಲಿಲ್ವಾ ವಯಸ್ಸು?"

ನನ್ನನ್ನು ನಮ್ಮ ಬೀದಿಯ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಅವರು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು, ಮುಳ್ಳು ನೋಡಿದರು, ಮತ್ತೆ ಗಾಳಿ ತುಂಬಿದರು. "ಉಪ್ಪು ಜಾಸ್ತಿ ತಿಂತೀರಾ?" ಇಲ್ಲ. "ಬೇರೆ ಏನಾದ್ರೂ ಔಷಧಿ?" ಏನೂ ಇಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮುಂದಿನ ಎರಡು ಹಲ್ಲುಗಳ ನಡುವೆ ಹಳದಿ ನಾರು ಸಿಕ್ಕಿಕೊಂಡಿತ್ತು.

"ಅದೇನದು?"

ಹೆಂಡತಿ ಬಗ್ಗಿ ನೋಡಿದಳು. "ಅಮ್ಮನ ಬೇರು! ಇನ್ನೂ ತಿಂತಿದೀರಾ?"

ಡ್ರಾಯರು, ಕಟ್ಟು, ಫ್ಲಾಸ್ಕು ಎಲ್ಲವೂ ಹೊರಬಂತು. ಡಾಕ್ಟರಮ್ಮ ಬೈಯಲಿಲ್ಲ, ನಕ್ಕರು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಇವತ್ತಿನಿಂದಲೇ ಬಿಡಬೇಕು, ಒತ್ತಡ ಇಳಿಯುವವರೆಗೆ ಬಂದು ತೋರಿಸುತ್ತಿರಬೇಕು, ಇನ್ನು ಮುಂದೆ ಅದರ ತಂಟೆಗೇ ಹೋಗಬಾರದು ಎಂದರು. ಮನೆಯಲ್ಲಿ ಅತ್ತೆ ನನಗೆ ಮಂಗಳಾರತಿ ಎತ್ತಿದರು, ಬಹುವಚನದಲ್ಲೇ.

"ನಮ್ಮಪ್ಪನ ಅಂಗಡೀಲಿ ಇದನ್ನ ತೂಕ ಮಾಡಿ ಕೊಡ್ತಿದ್ರು ಅಳಿಯಂದ್ರೆ. ನೀವು ಹಸು ಹುಲ್ಲು ಮೇಯೋ ಹಾಗೆ ಮೇದಿದೀರಿ. ಹೆಸರು ಕೆಡೋದು ಯಾರದು? ಬೇರಿನದು!"

ಇದಾಗಿ ಕೆಲವೇ ದಿನಕ್ಕೆ ರೆಕಾರ್ಡಿಂಗಿನವನು ಬಂದ. ಮ್ಯಾನೇಜರ ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬಾಗಿಲಿಗೆ ಕಂಬಳಿ ಹೊದಿಸಿದರು. ಮೊದಲು ನಾನು ಓದಿದೆ. ಆಮೇಲೆ ಪಾಸಕ್ಕ ಅದನ್ನೇ ಓದಿದಳು. ಎರಡನ್ನೂ ಹಾಕಿ ಕೇಳಿಸಿದರು.

ಇಷ್ಟು ವರ್ಷದಲ್ಲಿ ನನ್ನ ದನಿಯನ್ನು ನಾನು ದೂರದಲ್ಲಿ ಕೂತು ಕೇಳಿರಲಿಲ್ಲ. ಯಾರೋ ನಿದ್ದೆಗಣ್ಣಿನಲ್ಲಿ ಸಾಲ ಕೇಳುತ್ತಿರುವಂತಿತ್ತು. ಪಾಸಕ್ಕನದು ಹಾಗಲ್ಲ. ಒಂದೊಂದು ಮಾತೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ, ಮುದುಕರಿಗೂ ಮಕ್ಕಳಿಗೂ ತಿಳಿಯುವ ಹಾಗಿತ್ತು. ಮ್ಯಾನೇಜರು ನನ್ನ ಮುಖ ನೋಡಲಾರದೆ ಮೇಜಿನ ಮೇಲಿದ್ದ ಗುಂಡುಪಿನ್ನು ಜೋಡಿಸತೊಡಗಿದರು.

"ಅವಳದೇ ಹಾಕಿ ಸಾರ್," ಅಂದೆ. "ಅವಳದೇ ಚೆನ್ನಾಗಿದೆ." ಒಂದೇ ಸಲ ಹೇಳಿದೆ.

ಪಾಸಕ್ಕ ಮೆಲ್ಲಗೆ, "ಕ್ಷಮಿಸಣ್ಣ" ಅಂದಳು.

ಅಲ್ಲಿಗೆ ಮುಗಿಯಿತೆಂದು ಎದ್ದೆ. ಮುಗಿದಿರಲಿಲ್ಲ. ಹೊಸ ಯಂತ್ರದಲ್ಲಿ ಮಾತಿಗೆ ಮುಂಚೆ ಟಿಂಗ್ ಟಾಂಗ್ ಎಂದು ಗಂಟೆ ಬಾರಿಸುತ್ತಿತ್ತು. ಪರೀಕ್ಷೆಗೆಂದು ಅದನ್ನು ಒಮ್ಮೆ ಸ್ಪೀಕರಿಗೆ ಬಿಟ್ಟರು. ನಿಲ್ದಾಣದಲ್ಲಿದ್ದ ಮಕ್ಕಳೆಲ್ಲ ಐಸ್‌ಕ್ರೀಮ್ ಗಾಡಿ ಹುಡುಕಿಕೊಂಡು ಗೇಟಿನ ಕಡೆ ಓಡಿದರು, ಅವರ ಹಿಂದೆ ಅಮ್ಮಂದಿರು ಓಡಿದರು. ಬಸ್ಸಿನ ಕಡೆ ಒಬ್ಬರೂ ನೋಡಲಿಲ್ಲ. ಟೀ ಅಂಗಡಿಯಿಂದ ಡ್ರೈವರುಗಳು ಬಂದು, ಗಂಟೆ ಗಿಂಟೆ ಬೇಡ, ನಮಗೆ ಕೆಮ್ಮೇ ಬೇಕು ಎಂದು ಮ್ಯಾನೇಜರ ಮುಂದೆ ನಿಂತುಬಿಟ್ಟರು.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಮೈಕಣ್ಣ, ಒಂದ್ಸಲ ಕೆಮ್ಮಿಬಿಡಿ."

ಯಾವ ಕೆಮ್ಮಿಗಾಗಿ ನನ್ನನ್ನು ಬೇಡವೆಂದಿದ್ದರೋ ಅದನ್ನೇ ಕೇಳುತ್ತಿದ್ದರು. ಕೆಮ್ಮೋಣವೆಂದರೆ ಕೆಮ್ಮೆಲ್ಲಿದೆ? ಬೇರು ಬಿಟ್ಟು ನಾಲ್ಕು ದಿನವಾಗಿದ್ದರೂ ಗಂಟಲು ಇನ್ನೂ ಬೆಣ್ಣೆಯಂತೆಯೇ ಇತ್ತು. ಮೊದಲನೆಯದು ಬೆಕ್ಕು ಸೀನಿದಂತೆ ಬಂತು. ಎರಡನೆಯದಕ್ಕೆ ರೆಕಾರ್ಡಿಂಗಿನವನು ಕಿವಿಯ ಹೆಡ್‌ಫೋನು ತೆಗೆದು ನಕ್ಕ. "ಇದು ನಾಟಕದ ಕೆಮ್ಮು ಸಾರ್, ನಿಜವಾದ್ದು ಬೇಕು." ಹೊಟ್ಟೆ ಹಿಡಿದು, ಬಗ್ಗಿ, ಕಣ್ಣಲ್ಲಿ ನೀರು ಬರುವಂತೆ ಹೆಣಗಿದೆ. ದನಿ ಹೋದರೆ ಹೋಗಲಿ, ಕೆಮ್ಮುವುದಕ್ಕೂ ಬಾರದವನಾದೆನಲ್ಲ.

"ಸುಧಾರಿಸ್ಕೊಳ್ಳಿ, ಅಲ್ಲೀತನಕ ಅವರದು ಮುಗಿಸ್ತೀನಿ," ಎಂದು ಅವನು ಪಾಸಕ್ಕನಿಗೆ ಕೈಸನ್ನೆ ಮಾಡಿದ. ಉಳಿದದ್ದು ಕೊನೆಯ ಬಸ್ಸು ಒಂದೇ. ನಾನು ಮೈಕಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಪಾಸಕ್ಕ ಕಾಗದ ನೋಡಿ ಓದಿದಳು. ಕಾಗದದಲ್ಲಿ ಇದ್ದದ್ದು ಮುಗಿಯಿತು. ಅವಳು ನಿಲ್ಲಿಸಲಿಲ್ಲ. ಕಾಗದ ಮಡಿಲಲ್ಲಿಟ್ಟುಕೊಂಡು, ಬಾಯಿಪಾಠವಾದದ್ದನ್ನು ಹೇಳುವಂತೆ ಹೇಳಿದಳು: "ಪಕ್ಕದಲ್ಲಿ ಯಾರಾದರೂ ನಿದ್ದೆ ಮಾಡುತ್ತಿದ್ದರೆ ದಯವಿಟ್ಟು ಎಬ್ಬಿಸಿ."

ಕೆಳಗೆ ಪಾಸಿನ ಕೌಂಟರಿನಲ್ಲಿ ಕೂತು ಅವಳು ಅದನ್ನು ದಿನವೂ ಕೇಳಿಸಿಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಯಾರಾದರೂ ಕೇಳಿಸಿಕೊಂಡಿದ್ದಾರೆಂದೇ ಗೊತ್ತಿರಲಿಲ್ಲ. ನನಗೆ ತಡೆಯಲಾರದಷ್ಟು ದುಃಖವಾಯಿತು, ಅದರೊಳಗೇ ಸಂತೋಷವೂ ಇತ್ತು. ಗಂಟಲಲ್ಲಿ ಏನೋ ಬಂದು ಕೂತಿತು. ನಾಲ್ಕು ಜನರ ಮುಂದೆ ಅಳುವುದು ಹೇಗೆ ಎಂದು ಅದನ್ನು ಕೆಳಗಿಳಿಸಲು ನೋಡಿದೆ.

"ಖ್ಹ... ಖ್ಹೂಂ."

"ಸಿಕ್ತು!" ಎಂದು ರೆಕಾರ್ಡಿಂಗಿನವನು ತೊಡೆ ತಟ್ಟಿದ. ಹೊರಗೆ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದ ಡ್ರೈವರುಗಳು ಅಭ್ಯಾಸಬಲದಿಂದ ತಂತಮ್ಮ ಬಸ್ಸುಗಳ ಕಡೆ ಹೊರಟುಹೋದರಂತೆ.

ಈಗ ನಾನು ಮರೆತ ಸಾಮಾನಿನ ಕೋಣೆಯಲ್ಲಿದ್ದೇನೆ. ಫ್ಯಾನು ಇದೆ, ತಿರುಗುವುದಿಲ್ಲ. ಸುತ್ತ ಛತ್ರಿಗಳು, ಟಿಫಿನ್ ಡಬ್ಬಿಗಳು, ಒಂಟಿ ಚಪ್ಪಲಿಗಳು, ಯಾರೋ ಬಿಟ್ಟುಹೋದ ಒಂದು ಊರುಗೋಲು. ಅದನ್ನು ಮರೆತವರು ಹೇಗೆ ನಡೆದುಹೋದರೋ. ಗೋಡೆಯಾಚೆ ಸ್ಪೀಕರು. ಬಸ್ಸು ಹೊರಡುವ ಹೊತ್ತಿಗೆ ಮೊದಲು ನಾನು ಕೆಮ್ಮುತ್ತೇನೆ, ಆಮೇಲೆ ಪಾಸಕ್ಕ ಮಾತಾಡುತ್ತಾಳೆ. ಕೆಮ್ಮು ಕೇಳಿದೊಡನೆ ಟೀ ಅಂಗಡಿಯಲ್ಲಿ ಲೋಟ ಕೆಳಗಿಡುವ ಸದ್ದಾಗುತ್ತದೆ. ಸತ್ತ ಮೇಲೂ ನಾನು ಉಳಿಯಬೇಕೆಂದು ಆಸೆಪಟ್ಟಿದ್ದೆನಲ್ಲ, ಉಳಿಯುತ್ತೇನೆ, ಇಷ್ಟೇ ಇಷ್ಟು. ಕಾಲಿನ ಬಾವು ಇಳಿದಿದೆ. ತಲೆಗೇರಿದ್ದೂ ಸುಮಾರಾಗಿ ಇಳಿದಿದೆ.

ಮೊನ್ನೆ ಅತ್ತೆ ತಮ್ಮ ದೊಡ್ಡ ಮಗಳ ಮನೆಯಲ್ಲಿ ಎರಡು ತಿಂಗಳಿದ್ದು ವಾಪಸ್ ಬಂದರು. ಹೊಸ ಯಂತ್ರದಲ್ಲಿ ನನ್ನ ಕೆಮ್ಮು ಸೇರಿದ್ದು ಅವರಿಗೆ ತಿಳಿದಿರಲಿಲ್ಲ. ಬಸ್ಸಿಳಿದವರೇ ಮುಖ ಗಂಟಿಕ್ಕಿಕೊಂಡು ನನ್ನ ಕಿಟಕಿಯ ಹತ್ತಿರ ಬಂದರು.

"ಇನ್ನೂ ಕೆಮ್ಮು ಬಿಟ್ಟಿಲ್ವಲ್ಲ ಅಳಿಯಂದ್ರೆ ನಿಮ್ಮನ್ನ! ಬಸ್ಸಿಂದ ಇಳೀವಾಗ್ಲೇ ಕೇಳಿಸ್ತು. ಜೇಷ್ಠಮಧು ನಿಮಗೆ ಕೊಡೋ ಹಾಗಿಲ್ಲ. ಆಡುಸೋಗೆ ಇದೆ, ಕಷಾಯ ಮಾಡಿಕೊಡ್ತೀನಿ." ಆಗಲೇ ಕೈಚೀಲದಿಂದ ತಗಡಿನ ಡಬ್ಬಿ ಹೊರಬಂದಿತ್ತು.

"ಅದು ನಾನಲ್ಲ ಅತ್ತೆ, ಯಂತ್ರ. ಆವತ್ತು ಕೆಮ್ಮಿದ್ದನ್ನ ತುಂಬಿಸಿಟ್ಟಿದಾರೆ."

ಅವರು ನಂಬಲಿಲ್ಲ. ಡಬ್ಬಿ ಹಿಡಿದುಕೊಂಡೇ ನಿಂತರು. ಅಷ್ಟರಲ್ಲಿ ಬಂದರಿನ ಬಸ್ಸಿನ ಹೊತ್ತಾಯಿತು. "ಖ್ಹ... ಖ್ಹೂಂ," ಅಂದಿತು ಸ್ಪೀಕರು. ನಾನು ಬಾಯಿ ಮುಚ್ಚಿಕೊಂಡು ಅವರೆದುರು ಕೂತಿದ್ದೆ. ಅತ್ತೆ ಕತ್ತು ಓರೆ ಮಾಡಿ ಕೇಳಿದರು.

"ಇದು ಗಂಟಲಿಂದ ಬಂದಿದ್ದಲ್ಲ," ಅಂದರು ಆಮೇಲೆ. ಡಬ್ಬಿಯ ಮುಚ್ಚಳ ಒತ್ತಿ ಹಾಕಿ ಚೀಲದೊಳಗಿಟ್ಟರು. ಕಿಟಕಿಯಿಂದ ಕೈ ಚಾಚಿ, ನನ್ನ ತೋಳಿನ ಮೇಲೆ ಒಂದು ಕ್ಷಣ ಇಟ್ಟರು.

"ಬಾಗಿಲು ಹಾಕಿ ಬನ್ನಿ, ಮನೆಗೆ ಹೋಗೋಣ," ಅಂದರು. ಸ್ವಲ್ಪ ತಡೆದು ಮತ್ತೆ, "ಬಾಗಿಲು ಹಾಕಿ ಬನ್ನಿ, ಮನೆಗೆ ಹೋಗೋಣ," ಅಂದರು.